ಹುಬ್ಬಳ್ಳಿಯಿಂದ ಅಣ್ಣನಿಗೆ: ರೀಲ್ ಬಿಚ್ಚುವ ವಿದ್ಯೆ

ಹುಬ್ಬಳ್ಳಿ,
ಭಾನುವಾರ

ಪ್ರೀತಿಯ ಅಣ್ಣ,

ಮೊನ್ನೆ ಫೋನಿನಲ್ಲಿ ‘ಕೆಲಸ ಎಲ್ಲಿವರೆಗೆ ಬಂತು?’ ಎಂದು ಕೇಳಿದೆಯಲ್ಲ, ಅದು ಫೋನಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲ. ಮುಂದೆ ನಮ್ಮ ಬಲೆ ಅಂಗಡಿಯ ಪಕ್ಕ ಗಾಳದ ರೀಲ್ ರಿಪೇರಿಯ ಮೇಜು ಹಾಕುವಾಗ ನಿನಗೂ ಉಪಯೋಗಕ್ಕೆ ಬರಲೆಂದು ಕಾಗದದಲ್ಲೇ ಬರೆಯುತ್ತಿದ್ದೇನೆ, ಎತ್ತಿಡು.

ಅಂಕೋಲೆಯಿಂದ ಅರಬೈಲು ಘಟ್ಟ ಹತ್ತಿ, ಯಲ್ಲಾಪುರ, ಕಲಘಟಗಿ ದಾಟಿ ಬಂದೆ. ಹುಬ್ಬಳ್ಳಿ–ಅಂಕೋಲಾ ರೈಲಿನ ಮಾತು ಕೇಳುತ್ತಲೇ ನಾವು ದೊಡ್ಡವರಾದೆವು, ಇವತ್ತಿಗೂ ಬಸ್ಸೇ ಗತಿ. ಬಂದ ಮರುದಿನ ಗಣೇಶಪೇಟೆಯ ಮೀನು ಮಾರುಕಟ್ಟೆಗೆ ಹೋದರೆ ನಮ್ಮ ಕಡೆಯ ಬಂಗಡೆ ಐಸ್ ಹೊದ್ದುಕೊಂಡು ನನಗಿಂತ ಮೊದಲೇ ಬಂದು ಕೂತಿತ್ತು.

ಸಮುದ್ರದ ಸಾಮಾನು ರಿಪೇರಿ ಕಲಿಯಲು ಘಟ್ಟ ಹತ್ತಬೇಕೇ ಎಂದು ಊರಲ್ಲಿ ನಕ್ಕರಲ್ಲ, ಅವರಿಗೆ ಹೇಳು: ಇದು ಯಂತ್ರ ಬಿಚ್ಚಿ ಕಟ್ಟುವವರ ಊರು. ರೈಲ್ವೆ ವರ್ಕ್‌ಶಾಪ್ ಇಲ್ಲಿ ಶುರುವಾದದ್ದು 1885ರಲ್ಲಿ. ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಲೇತ್ ಇದೆ, ಬೇರಿಂಗ್ ಅಂಗಡಿಗೆ ಕೊರತೆಯಿಲ್ಲ. ರೀಲ್ ರಿಪೇರಿ ಎಂದು ಬೋರ್ಡು ಹಾಕಿದವರು ಮಾತ್ರ ಯಾರೂ ಸಿಗಲಿಲ್ಲ. ದುರ್ಗದಬೈಲಿನ ಹತ್ತಿರ ಕೈಗಡಿಯಾರ ರಿಪೇರಿ ಮಾಡುವ ಹಿರಿಯರೊಬ್ಬರ ಮುಂದೆ ಜೊತೆಗೆ ತಂದ ನಿನ್ನ ರೀಲ್ ಇಟ್ಟೆ. ಎಲ್ಲರೂ ಅವರನ್ನು ಕಾಕಾ ಅನ್ನುತ್ತಾರೆ. ಹಿಡಿಕೆ ತಿರುಗಿಸಿ, ಕಿವಿ ಹತ್ತಿರ ಹಿಡಿದು, ‘ಇದರಾಗೇನೂ ಮುರದಿಲ್ಲ ತಮ್ಮಾ, ಹೊಲಸು ತುಂಬೇತಿ’ ಅಂದರು. ಅವತ್ತಿನಿಂದ ಮಧ್ಯಾಹ್ನದ ಹೊತ್ತು ಅವರ ಮೇಜಿನ ಮೂಲೆಯೇ ನನ್ನ ಶಾಲೆ.

ಗಡಿಯಾರಕ್ಕೂ ರೀಲಿಗೂ ಹಳೆಯ ನಂಟಿದೆ, ಅಣ್ಣ. ಸ್ವೀಡನ್ನಿನ ಆಬು ಕಂಪನಿ 1921ರಲ್ಲಿ ಗಡಿಯಾರದ ಕಾರ್ಖಾನೆಯಾಗಿ ಹುಟ್ಟಿದ್ದು. ಟ್ಯಾಕ್ಸಿ ಮೀಟರ್ ಮಾಡುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ಮೀಟರಿಗೆ ಗಿರಾಕಿ ಇಲ್ಲದಂತಾಗಿ ರೀಲಿಗೆ ಕೈಹಾಕಿದರು. ಜಪಾನಿನ ಶಿಮಾನೋ ಶುರುವಾದದ್ದೂ ಅದೇ 1921ರಲ್ಲಿ, ಸೈಕಲ್ಲಿನ ಫ್ರೀವೀಲ್ ಮಾಡಿಕೊಂಡು. ರೀಲಿಗೆ ಬಂದದ್ದು 1970ರಲ್ಲಿ. ಇದನ್ನು ಹೇಳಿದಾಗ ಕಾಕಾ ಭೂತಗನ್ನಡಿ ತೆಗೆಯದೆಯೇ, ‘ಮತ್ತ? ನಮ್ಮ ಮಂದಿ ಕೆಲಸಾನ ಅದು’ ಅಂದರು.

ಮೊದಲ ಪಾಠ ಕ್ರಮದ್ದು. ಸ್ಪೂಲಿನ ಬಿಗಿ ಹೊಂದಿಸುವ ಡ್ರ್ಯಾಗಿನ ಗುಬುಟು ತೆಗೆದು ಸ್ಪೂಲ್ ಎತ್ತಬೇಕು, ಆಮೇಲೆ ರೋಟರಿನ ನಟ್ಟು, ಆಮೇಲೆ ಪಕ್ಕದ ಮುಚ್ಚಳ. ಬಿಳಿ ಬಟ್ಟೆಯ ಮೇಲೆ ಎಡದಿಂದ ಬಲಕ್ಕೆ, ಬಿಚ್ಚಿದ ಸಾಲಿನಲ್ಲೇ ಇಡುತ್ತ ಹೋಗಬೇಕು. ಕಟ್ಟುವಾಗ ಬಲದಿಂದ ಎಡಕ್ಕೆ ಬರಬೇಕು. ದೊಡ್ಡ ಗೇರಿನ ಹಿಂದೆ ಕಾಗದದಷ್ಟು ತೆಳು ವಾಶರ್ ಇರುತ್ತದೆ, ಗ್ರೀಸಿಗೆ ಅಂಟಿಕೊಂಡು ಕಣ್ಣಿಗೇ ಬೀಳುವುದಿಲ್ಲ. ಅದೊಂದು ತಪ್ಪಿದರೆ ಗೇರು ಪಿನಿಯನ್ನಿಗೆ ಸರಿಯಾಗಿ ಕೂರದೆ ಹಿಡಿಕೆ ಗರಗರ ಅನ್ನುತ್ತದೆ. ಎಷ್ಟೋ ಜನ ಅದನ್ನೇ ಗೇರು ಸವೆದಿದೆ ಎಂದು ತಿಳಿದು ರೀಲ್ ಎಸೆಯುತ್ತಾರೆ.

ಎರಡನೆಯದು ಎಣ್ಣೆಯ ಪಾಠ. ಹಳೆಯ ಗ್ರೀಸು ಉಪ್ಪು, ಮರಳು ಕುಡಿದು ಕಪ್ಪು ಬೆಲ್ಲದ ಪಾಕದಂತೆ ಆಗಿತ್ತು. ಸೀಮೆಎಣ್ಣೆಯಲ್ಲಿ ಬ್ರಷ್ ಹಾಕಿ ತೊಳೆದು, ಒರೆಸಿ, ಪೂರ್ತಿ ಒಣಗಿಸಿದೆವು. ಗೇರಿನ ಹಲ್ಲಿಗೆ ತೆಳುವಾಗಿ ಗ್ರೀಸು, ಬೇರಿಂಗಿಗೆ ಸೂಜಿಯ ತುದಿಯಿಂದ ಒಂದು ಹನಿ ಎಣ್ಣೆ, ಅಷ್ಟೇ. ಹಿಡಿಕೆ ಹಿಂದಕ್ಕೆ ತಿರುಗದಂತೆ ತಡೆಯುವ ಬೇರಿಂಗ್ ಇದೆಯಲ್ಲ, ಅದರೊಳಗೆ ಗ್ರೀಸು ಹೋದರೆ ಉರುಳೆಗಳು ಜಾರಿ ಹಿಡಿಕೆ ಹಿಂದಕ್ಕೆ ಸುತ್ತತೊಡಗುತ್ತದೆ. ದೊಡ್ಡ ಕೆಂಬೇರಿ ಮೀನು ಎಳೆದಾಗ ಹಿಡಿಕೆ ಬೆರಳಿಗೆ ಹೊಡೆಯುವುದು ಇದೇ ಕಾರಣಕ್ಕೆ. ‘ಎಣ್ಣಿ ಕಮ್ಮಿ ಬಿದ್ರ ಮತ್ತ ಹಾಕಬಹುದು, ಹೆಚ್ಚು ಬಿದ್ರ ಮತ್ತ ಪೂರಾ ಬಿಚ್ಚಬೇಕು’ ಎನ್ನುವುದು ಕಾಕಾನ ಮಾತು.

ನಿನ್ನ ರೀಲಿನಲ್ಲಿ ನಿಜವಾಗಿ ಹಾಳಾಗಿದ್ದದ್ದು ಎರಡೇ. ಒಂದು, ಗಾಳದ ದಾರ, ಅಂದರೆ ತಂಗೂಸಿ, ಹಾಯುವ ರೋಲರಿನ ಬೇರಿಂಗ್. ಉಪ್ಪುನೀರು ಕುಡಿದ ತಂಗೂಸಿ ಮೊದಲು ತಾಗುವುದೇ ಅದಕ್ಕೆ, ಆದ್ದರಿಂದ ಮೊದಲು ತುಕ್ಕು ಹಿಡಿಯುವುದೂ ಅದೇ. ಅದು ತಿರುಗದೆ ನಿಂತರೆ ತಂಗೂಸಿ ಉಜ್ಜಿ ಉಜ್ಜಿ ಕಡಿಯುತ್ತದೆ. ನಾವು ಮಾತ್ರ ಮೀನಿನ ಹಲ್ಲನ್ನು ಬೈಯುತ್ತೇವೆ. ಇನ್ನೊಂದು, ಪಿನಿಯನ್ನಿನ ಬೇರಿಂಗ್. ವರ್ನಿಯರ್ ಹಿಡಿದು ಅಳೆದೆವು: ಒಳವ್ಯಾಸ 7 ಮಿ.ಮೀ., ಹೊರವ್ಯಾಸ 14, ದಪ್ಪ 5. ಬೇರಿಂಗ್ ಅಂಗಡಿಯವರು ರೀಲಿನ ಹೆಸರನ್ನೂ ಕೇಳದೆ ‘687’ ಎಂದು ತೆಗೆದುಕೊಟ್ಟರು. ಎಲ್ಲದಕ್ಕೂ ಕಂಪನಿಯ ಬಿಡಿಭಾಗಕ್ಕಾಗಿ ಕಾಯಬೇಕಿಲ್ಲ. ಅಳತೆ ಗೊತ್ತಿದ್ದರೆ ಅರ್ಧ ರಿಪೇರಿ ಆದಂತೆಯೇ.

ಕೊನೆಗೆ ಡ್ರ್ಯಾಗ್. ತಂಗೂಸಿಯ ತುದಿಯನ್ನು ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ ಎಳೆದು ನೋಡಬೇಕು. 9 ಕಿಲೋ ತಾಳುವ ತಂಗೂಸಿಯಾದರೆ ಸುಮಾರು 3 ಕಿಲೋ ಎಳೆತಕ್ಕೆ ಸ್ಪೂಲ್ ಬಿಟ್ಟುಕೊಡಬೇಕು, ಅದೂ ತಡೆತಡೆದು ಅಲ್ಲ, ಒಂದೇ ಸಮನೆ. ನಾವು ಅಳಿವೆಯಲ್ಲಿ ಕೈಯಂದಾಜಿನಲ್ಲಿ ಬಿಗಿಯುವುದು ಯಾವಾಗಲೂ ಹೆಚ್ಚೇ.

ಇವತ್ತು ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಹೋಗಿ ಸೋಮೇಶ್ವರ ದೇವಸ್ಥಾನ ನೋಡಿಬಂದೆ. ಶಾಲ್ಮಲಾ ಹುಟ್ಟುವುದು ಅಲ್ಲೇ. ಆ ನೀರು ಬೇಡ್ತಿಗೆ ಸೇರಿ, ಮಾಗೋಡಿನ ಕಡೆಯಿಂದ ಇಳಿದು, ಗಂಗಾವಳಿಯಾಗಿ ನಮ್ಮ ಮಂಜಗುಣಿಯ ಹತ್ತಿರ ಸಮುದ್ರ ಸೇರುತ್ತದೆ. ಕೆರೆಯಲ್ಲಿ ರೀಲ್ ಪರೀಕ್ಷಿಸುವ ಆಸೆಯಿತ್ತು. ಆದರೆ ಇಲ್ಲಿ ಕೆರೆಗಳನ್ನು ಮೀನುಗಾರಿಕೆಗೆ ಗುತ್ತಿಗೆ ಕೊಟ್ಟಿರುತ್ತಾರೆ, ಕೇಳದೆ ಗಾಳ ಹಾಕುವುದು ಸರಿಯಲ್ಲ. ಪರೀಕ್ಷೆ ಊರಲ್ಲೇ ಆಗಲಿ.

ಅಲ್ಲಿಯವರೆಗೆ ನೀನೊಂದು ಅಭ್ಯಾಸ ಮಾಡಿಕೋ. ಮನೆಗೆ ಬಂದ ಕೂಡಲೇ ಡ್ರ್ಯಾಗ್ ಬಿಗಿ ಮಾಡಿ, ಸಿಹಿನೀರನ್ನು ಮೇಲಿಂದ ಮೆಲ್ಲಗೆ ಚಿಮುಕಿಸಿ ತೊಳೆ. ಪೈಪು ಹಿಡಿದು ರಭಸದಿಂದ ಹೊಡೆದರೆ ಉಪ್ಪು ಒಳಗೇ ಹೋಗುತ್ತದೆ. ಒರೆಸಿ ನೆರಳಲ್ಲಿ ಒಣಗಿಸಿ, ಆಮೇಲೆ ಡ್ರ್ಯಾಗ್ ಸಡಿಲ ಮಾಡಿಡು, ಆಗ ಒಳಗಿನ ವಾಶರ್ ಅಮುಕಿಕೊಂಡು ಉಳಿಯುವುದಿಲ್ಲ.

ಅಟ್ಟದ ಮೇಲೆ ಹಾಳಾಗಿವೆಯೆಂದು ಎಸೆದಿಟ್ಟ ರೀಲುಗಳನ್ನೆಲ್ಲ ಒಂದು ಡಬ್ಬಿಗೆ ತುಂಬಿ ಹುಬ್ಬಳ್ಳಿ ಬಸ್ಸಿಗೆ ಪಾರ್ಸೆಲ್ ಹಾಕು. ತೊಳೆಯಬೇಡ, ಬಿಚ್ಚಬೇಡ, ಕೊಬ್ಬರಿ ಎಣ್ಣೆಯನ್ನಂತೂ ಹಾಕಲೇಬೇಡ. ಇದ್ದ ಹಾಗೇ ಕಳಿಸು.

ಇಂತಿ ನಿನ್ನ ತಮ್ಮ