ದೊಡ್ಡವ್ವನ ಹಿಡಿ ಹದಿನೇಳು ಕೆ.ಜಿ.

ಕೊಳ್ಳೇಗಾಲ ಅಂದರೆ ಮೊದಲು ನೆನಪಾಗುವುದು ರೇಷ್ಮೆ ಸೀರೆ, ಆಮೇಲೆ ಮಾದಪ್ಪನ ಬೆಟ್ಟಕ್ಕೆ ಹೋಗುವ ಬಸ್ಸು. 1956ರವರೆಗೆ ಈ ತಾಲ್ಲೂಕು ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು ಅಂದರೆ ಈಗಿನ ಮಕ್ಕಳು ನಂಬುವುದಿಲ್ಲ. ಧನಗೆರೆ ಇದೇ ತಾಲ್ಲೂಕಿನ ಊರು. ಕಾವೇರಿ ತುಂಬಿ ಬಂದ ವರ್ಷ ಪೇಪರಿನಲ್ಲಿ ಹೆಸರು ಕಾಣುತ್ತದೆ. ನನಗೆ ಮಾತ್ರ ಅದು ದೊಡ್ಡವ್ವನ ಊರು.

ನಾನು ಮೈಸೂರಿನಲ್ಲಿ ಫಿಸಿಯೋಥೆರಪಿ ಮಾಡುವವಳು. ಈ ಸಲ ಬ್ಯಾಗಿನಲ್ಲಿ ಕೈಹಿಡಿತದ ಬಲ ಅಳೆಯುವ ಡೈನಮೋಮೀಟರ್ ಇತ್ತು. ನೆಟ್ಟಗೆ ಕೂತು, ಮೊಣಕೈ ಮಡಿಸಿ, ಅದರ ಹಿಡಿಯನ್ನು ಗಟ್ಟಿಯಾಗಿ ಹಿಂಡಿದರೆ ಮುಳ್ಳು ಇಷ್ಟು ಕೆ.ಜಿ. ಅಂತ ತೋರಿಸುತ್ತದೆ. ಮೂರು ಸಲ ಹಿಂಡಿಸುತ್ತೇವೆ. ಜಗಲಿ ಮೇಲೆ ಅದನ್ನು ಇಟ್ಟದ್ದೇ ತಡ, ಬೀದಿಯೇ ಸೇರಿತು. ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂರುವ ದೊಡ್ಡವ್ವನ ಮೊಮ್ಮಗ, ಗದ್ದೆ ಕೆಲಸದ ಹೆಂಗಸರನ್ನೆಲ್ಲ ಹಿಂದೆ ಹಾಕಿಬಿಟ್ಟ!

"ಇದ್ಯಾವ ನ್ಯಾಯ ಕನವ್ವ? ದಿನಾ ಕಳೆ ಕೀಳೋಳು ನಾನು, ಗೆದ್ದೋನು ಅವ್ನು" ಅಂದರು ಪಕ್ಕದ ಮನೆಯಾಕೆ.

ಕೇಳಬೇಕಾದ ಪ್ರಶ್ನೆಯೇ. ಗಂಡು ಹೆಣ್ಣು, ವಯಸ್ಸು, ಎತ್ತರ, ಎಲ್ಲವೂ ಮುಳ್ಳನ್ನು ಸರಿಸುತ್ತವೆ. ಹುಟ್ಟೂ ಸೇರಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997-98ರ ಸುಮಾರಿಗೆ ಹುಟ್ಟಿದ ಮಕ್ಕಳನ್ನು ಒಂಬತ್ತು ವರ್ಷವಾದಾಗ ಹೀಗೇ ಅಳೆದಿದ್ದರು. ಹುಟ್ಟುವಾಗ ಚೆನ್ನಾಗಿ ಬೆಳೆದಿದ್ದ ಮಕ್ಕಳ ಹಿಡಿತ ಹೆಚ್ಚು ಗಟ್ಟಿ. ಅಂದರೆ ಬಸುರಿ ತಾಯಿಯ ತಟ್ಟೆಯ ಲೆಕ್ಕ ಮಗುವಿನ ಮುಷ್ಟಿಯಲ್ಲಿ ಉಳಿಯುತ್ತದೆ ಅಂತ ನನ್ನ ತಿಳಿವಳಿಕೆ. 2015ರಲ್ಲಿ ಪ್ರಕಟವಾದ 17 ದೇಶಗಳ ಅಧ್ಯಯನವೊಂದು ಸುಮಾರು 1,40,000 ಜನರ ಕೈ ಅಳೆದು, ಹಿಡಿತ 5 ಕೆ.ಜಿ. ಕಡಿಮೆ ಇದ್ದಲ್ಲಿ ಸಾವಿನ ಅಪಾಯ ಶೇ. 16ರಷ್ಟು ಹೆಚ್ಚು ಅಂತ ಕಂಡಿತು. ನಮ್ಮ ದೇಶದವರೂ ಅದರಲ್ಲಿದ್ದರು.

ಕೊನೆಗೆ ದೊಡ್ಡವ್ವ ಕೂತರು. ಎಪ್ಪತ್ತು ದಾಟಿದ ಜೀವ. ಎಷ್ಟೋ ವರ್ಷ ರೇಷ್ಮೆ ಹುಳಕ್ಕೆ ಸೊಪ್ಪು ಕೊಯ್ದ ಕೈ. ಮೂರು ಸಲದಲ್ಲಿ ಹೆಚ್ಚೆಂದರೆ 17.

ಇಲ್ಲೇ ನನಗೆ ಕಷ್ಟವಾದದ್ದು. ಯುರೋಪಿನ ತಜ್ಞರು 2019ರಲ್ಲಿ ಇಟ್ಟ ಗೆರೆ ಹೆಂಗಸರಿಗೆ 16, ಗಂಡಸರಿಗೆ 27. ಅದೇ ವರ್ಷ ಏಷ್ಯಾದ ತಜ್ಞರ ಗುಂಪು ಇಟ್ಟದ್ದು 18 ಮತ್ತು 28. ಅದಕ್ಕಿಂತ ಕಡಿಮೆಯಾದರೆ ಸ್ನಾಯು ಸೊರಗಿದೆಯೋ ಏನೋ ನೋಡಬೇಕು. ಯುರೋಪಿನ ಲೆಕ್ಕದಲ್ಲಿ ದೊಡ್ಡವ್ವ ಪಾಸು, ಏಷ್ಯಾದ ಲೆಕ್ಕದಲ್ಲಿ ಫೇಲು! ಆ ಏಷ್ಯಾದ ಲೆಕ್ಕವೂ ಹೆಚ್ಚಾಗಿ ಜಪಾನ್, ಕೊರಿಯಾ, ಚೀನಾ ಕಡೆಯ ಜನರದು. ಧನಗೆರೆಯ ಕೈಯನ್ನು ಯಾರ ಕೈ ಪಕ್ಕ ಇಡಲಿ?

ಪಟ್ಟಿ ಮಡಚಿಟ್ಟು, "ಹಾಲು ಈಗಲೂ ನೀವೇ ಕರೀತೀರಾ ದೊಡ್ಡವ್ವ?" ಅಂತ ಕೇಳಿದೆ.

"ಅದು ಒದೀತದೆ ಕನವ್ವ, ಬುಟ್ಬುಟ್ಟೆ" ಅಂದರು.

"ಒದೆಯೋದಾ? ಅದು ಕುರಿ ಥರ ನಿಂತಿರ್ತದೆ. ಇವ್ರಿಗೇ ಕೈ ಸೋಲ್ತದೆ, ಹೋದ್ ವರ್ಸದಿಂದ" ಅಂತ ಸೊಸೆ ಒಳಗಿಂದಲೇ ಹೇಳಿದಳು. ಬಿಂದಿಗೆಯನ್ನೂ ಈಗ ಅರ್ಧ ತುಂಬಿಸಿಯೇ ತರುತ್ತಾರಂತೆ. ಈ ಎರಡು ಮಾತು ನನಗೆ ಯಾವ ಪಟ್ಟಿಗಿಂತ ಹೆಚ್ಚು ಹೇಳಿದವು.

ಚೆಂಡು ಹಿಂಡಿಸಿದರೆ ಸಾಲದು, ಕೈ ಇಲ್ಲಿ ಇಡೀ ಮೈಯ ಸುದ್ದಿ ಹೇಳುತ್ತಿದೆ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದನ್ನು ಕಲಿಸಿದೆ. ಎಲ್ಲರೂ ಉಂಡ ಮೇಲೆ ತಳದ ಸಾರಿನಲ್ಲಿ ಮುದ್ದೆ ನುಂಗುವುದು ಅವರ ಹಳೇ ಅಭ್ಯಾಸ. ಇನ್ನು ಮುಂದೆ ಕಾಳು, ಮೊಟ್ಟೆ ಮೊದಲು ಅವರ ತಟ್ಟೆಗೆ ಅಂತ ಸೊಸೆಗೆ ಹೇಳಿದೆ. ಕೊಳ್ಳೇಗಾಲದಲ್ಲಿ ರಕ್ತ ಪರೀಕ್ಷೆಗೂ ಬರೆದುಕೊಟ್ಟೆ.

ದೊಡ್ಡವ್ವ ಗೋಡೆಯ ಕ್ಯಾಲೆಂಡರಿನಲ್ಲಿ 17 ಅಂತ ಬರೆಸಿದರು. ದೀಪಾವಳಿ ಜಾತ್ರೆಗೆ ಬೆಟ್ಟಕ್ಕೆ ಹೋಗುವಾಗ ಮತ್ತೆ ಅಳೆಯಬೇಕಂತೆ. ಮೊಮ್ಮಗನ ನಂಬರೂ ಕೆಳಗೆ ಬರಿ ಅಂದರು, ನಾನು ಬರೆಯಲಿಲ್ಲ.