ಲಂಕೆ ಸುಟ್ಟವನ ಹೆಂಡತಿ

ಬೆಳಿಗ್ಗೆ ಆರೂಮುಕ್ಕಾಲಿಗೆ ಬಾಗಿಲು ತೆಗೆದರೆ ಹೆಲ್ಮೆಟ್ಟು ಕೈಯಲ್ಲಿ ಹಿಡಿದ ಹುಡುಗಿ. "ಸೂರ್ಯನಾರಾಯಣ ಅಂಕಲ್ ಮನೆ ಇದೇ ಅಲ್ವಾ? ಏನೂ ತಿಂದಿಲ್ಲ ತಾನೆ?" ಕಾಫಿ ಇಲ್ಲದ ಸಿಟ್ಟಿನಲ್ಲಿ ಹೂಂ ಅಂದೆ. ಕೂರಿಸಿದಳು, ತೋಳಿಗೆ ಪಟ್ಟಿ ಬಿಗಿದಳು, ಮೊಣಕೈ ಮಡಿಕೆಯಲ್ಲಿ ಬೆರಳಾಡಿಸಿ ನರ ಹುಡುಕುತ್ತ ಕೇಳಿದಳು: "ನಿಮ್ಮ ಹೆಸರು ಹೇಳಿ ಅಂಕಲ್."

"ಈಗ ತಾನೆ ನೀನೇ ಹೇಳಿದೆಯಲ್ಲಮ್ಮ."

"ನಾನು ಹೇಳಿ ನೀವು ಹೂಂ ಅಂದ್ರೆ ಲೆಕ್ಕಕ್ಕಿಲ್ಲ. ನಿಮ್ಮ ಬಾಯಲ್ಲೇ ಬರ್ಬೇಕು."

ಹೇಳಿದೆ. 31 ವರ್ಷ ಸರ್ಕಾರಿ ಆಸ್ಪತ್ರೆಗಳ ಲ್ಯಾಬಿನಲ್ಲಿ ಕೂತು ಊರವರ ರಕ್ತ ತೆಗೆದವನು ನಾನು. ಇಪ್ಪತ್ತೆರಡರ ಈ ಹುಡುಗಿಗೆ ಟ್ರೈನಿಂಗಿನಲ್ಲಿ ಹೇಳಿಕೊಟ್ಟ ಪಾಠ ನನ್ನ ತಲೆಗೆ ಹೋಗಲು ಇಬ್ಬರು ಯಲ್ಲವ್ವರು ಬೇಕಾಯಿತು.

ನಾನು ಕೆಲಸಕ್ಕೆ ಸೇರಿದ್ದು 1980ರ ದಶಕದ ಆರಂಭದಲ್ಲಿ, ಧಾರವಾಡದ ಆಚೆಯ ಒಂದು ತಾಲ್ಲೂಕು ಆಸ್ಪತ್ರೆಗೆ. ಮೈಸೂರು ಸೀಮೆಯವನಿಗೆ ಅಲ್ಲಿಯ ಮಾತೂ ಹೊಸತು, ಬಿಸಿಲೂ ಹೊಸತು. ಇವತ್ತು ಈ ಹುಡುಗಿಯ ಚೀಲದಲ್ಲಿ ಬಣ್ಣಬಣ್ಣದ ಮುಚ್ಚಳದ ಕೊಳವೆಗಳಿವೆ. ನಮಗಿದ್ದದ್ದು ವಾರ್ಡಿನಲ್ಲಿ ಖಾಲಿಯಾದ ಪೆನ್ಸಿಲಿನ್ ಬಾಟಲಿ. ಅದನ್ನೇ ತೊಳೆದು, ರಕ್ತ ಹೆಪ್ಪುಗಟ್ಟದ ಹಾಗೆ ಆಕ್ಸಲೇಟ್ ಹನಿ ಬಿಟ್ಟು ಒಣಗಿಸಿ ಇಡುತ್ತಿದ್ದೆವು. ಗಾಜಿನ ಸಿರಿಂಜು ನೀರಲ್ಲಿ ಕುದಿಯುತ್ತಿತ್ತು. ಸೂಜಿ ಮೊಂಡಾದರೆ ಕಲ್ಲಿಗೆ ಉಜ್ಜಿ ಚೂಪು ಮಾಡುತ್ತಿದ್ದೆವು, ಆ ಸೂಜಿಯ ರುಚಿ ಕಂಡ ತೋಳುಗಳು ನನ್ನನ್ನು ಕ್ಷಮಿಸಲಿ. ಲೇಬಲ್ ಎಂದರೆ ಬಾಟಲಿಯ ಹೊಟ್ಟೆಗೆ ಸುತ್ತಿದ ಬಿಳಿ ಪ್ಲಾಸ್ಟರ್ ತುಂಡು, ಅದರ ಮೇಲೆ ಬಾಲ್ ಪೆನ್ನಿನ ಅಕ್ಷರ.

ಜನ ನನ್ನನ್ನು ಕರೆಯುತ್ತಿದ್ದದ್ದು ‘ರಕ್ತದ ಡಾಕ್ಟ್ರು’ ಅಂತ. ಮೊದಮೊದಲು ತಿದ್ದಿದೆ. ಆಮೇಲೆ ತಿದ್ದಲಿಲ್ಲ.

ಡಾಕ್ಟ್ರು ಅಂದ ಮೇಲೆ ಜಾಣತನವೂ ಬರಬೇಕಲ್ಲ. ಬೆಳಿಗ್ಗೆ ಚೀಟಿಗಳು ಬಂದ ಕೂಡಲೆ ಎಲ್ಲ ಬಾಟಲಿಗೂ ಪ್ಲಾಸ್ಟರ್ ಸುತ್ತಿ ಹೆಸರು ಬರೆದು ಸಾಲಾಗಿ ನಿಲ್ಲಿಸಿಬಿಡುತ್ತಿದ್ದೆ. ಕೂಗುವುದು, ಚುಚ್ಚುವುದು, ತುಂಬುವುದು. ಒಂದು ದಿನ ಸಾಲಿನಲ್ಲಿ ಎರಡು ಬಾಟಲಿ ಹೀಗಿದ್ದವು: ‘ಯಲ್ಲವ್ವ ಕೋಂ ಹನುಮಂತಪ್ಪ’, ‘ಯಲ್ಲವ್ವ ಕೋಂ ಮಾರುತೆಪ್ಪ’. ಯಲ್ಲವ್ವ ಅಂತ ಕೂಗಿದೆ. ತುಂಬು ಮೈಯ ಹೆಂಗಸೊಬ್ಬಳು ಬಂದು ಕೂತಳು.

"ಗಂಡನ ಹೆಸರೇನಮ್ಮ?"

ಸೆರಗು ಬಾಯಿಗೆ ಬಂತು. "ಅವರ ಹೆಸ್ರ ನಾ ಹ್ಯಾಂಗ ಹೇಳ್ಲಿರಿ ಡಾಕ್ಟ್ರ?"

ಹೇಳುವ ಪದ್ಧತಿಯಿಲ್ಲ. ಮದುವೆ ಮನೆಯಲ್ಲಿ ಎಲ್ಲರೂ ಕಾಡಿ ಬೇಡಿದರೆ ಒಡಪು ಕಟ್ಟಿ, ಪ್ರಾಸದ ಮಡಿಕೆಯೊಳಗೆ ಗಂಡನ ಹೆಸರು ಇಟ್ಟು, ಹೇಳಿದೆನೋ ಇಲ್ಲವೋ ಎಂಬಂತೆ ಹೇಳುತ್ತಾರೆ. ಪೆನ್ಸಿಲಿನ್ ಬಾಟಲಿಯ ಸುತ್ತಳತೆಯಲ್ಲಿ ಒಡಪು ಹಿಡಿಸುವುದಿಲ್ಲ. ನನ್ನ ಅವಸರ ನೋಡಿ ಆಕೆಯೇ ದಾರಿ ತೋರಿಸಿದಳು: "ಲಂಕಾ ಸುಟ್ಟಾಂವ ಅದಾನಲ್ರಿ, ಅವನ ಹೆಸ್ರ."

ರಾಮಾಯಣ ನನಗೆ ಬರುತ್ತದೆ. ಹನುಮಂತಪ್ಪನ ಬಾಟಲಿ ಎತ್ತಿಕೊಂಡೆ. ಆಮೇಲೆ ಬಂದ ಬಡಕಲು ಯಲ್ಲವ್ವನನ್ನು ಏನೂ ಕೇಳಲಿಲ್ಲ. ಉಳಿದದ್ದು ಒಂದೇ ಬಾಟಲಿ.

ಮಧ್ಯಾಹ್ನ ಸಾಹ್ಲಿ ಕೊಳವೆಯಲ್ಲಿ ಆಮ್ಲ ಹಾಕಿ, ಹನಿಹನಿಯಾಗಿ ನೀರು ಬೆರೆಸಿ, ಪಕ್ಕದ ಗಾಜಿನ ಕಂದುಬಣ್ಣಕ್ಕೆ ಸರಿಹೊಂದಿಸಿ ಹಿಮೊಗ್ಲೋಬಿನ್ ಬರೆದೆ. ಒಬ್ಬಳಿಗೆ 11, ಇನ್ನೊಬ್ಬಳಿಗೆ 6. ಸ್ವಲ್ಪ ಹೊತ್ತಿಗೆ ಡಾಕ್ಟರ್ ಕರೆಸಿದರು, ನಿಜವಾದ ಡಾಕ್ಟರ್. ತುಂಬು ಮೈಯ ಯಲ್ಲವ್ವನ ಕೆಳರೆಪ್ಪೆ ಎಳೆದು ತೋರಿಸಿದರು. ದಾಳಿಂಬೆ ಹಾಗೆ ಕೆಂಪಗಿತ್ತು. "ಇದು ಆರು ಗ್ರಾಮಿನ ಕಣ್ಣೇನ್ರೀ?" ಹೊರಗೆ ಬೀಡಿ ಸೇದುತ್ತಿದ್ದ ಗಂಡನನ್ನು ಕೂಗಿದರೆ ಆತ ಅಂದ: "ನಾ ಮಾರುತೆಪ್ಪರಿ." ಯಲ್ಲವ್ವ ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ. "ನಾ ಬರೋಬ್ಬರಿ ಹೇಳೀನಲ್ರಿ?"

ಹೇಳಿದ್ದಳು. ಲಂಕೆ ಸುಟ್ಟವನು ಮಾರುತಿಯೂ ಹೌದು. ರಾಮಾಯಣದ್ದೇನೂ ತಪ್ಪಿಲ್ಲ. ಇಬ್ಬರಿಗೂ ಇನ್ನೊಂದು ಸಲ ಚುಚ್ಚಿದೆ. ಅವತ್ತಿನಿಂದ ರಕ್ತ ಬಾಟಲಿಗೆ ಬಿದ್ದ ಮೇಲೆ, ರೋಗಿ ಎದುರಿಗೆ ಕೂತಿರುವಾಗಲೇ ಪ್ಲಾಸ್ಟರ್ ಸುತ್ತುವುದು ನನ್ನ ವ್ರತವಾಯಿತು. ಹಿಮೊಗ್ಲೋಬಿನ್ ಆದ್ದರಿಂದ ರೆಪ್ಪೆ ಸಾಕ್ಷಿ ಹೇಳಿತು. ರಕ್ತದ ಗುಂಪು ಆಗಿದ್ದರೆ ಯಾವ ರೆಪ್ಪೆ ಹೇಳಬೇಕಿತ್ತು?

ಗುಂಪು ಅಂದಾಗ ತ್ಸಾರ್ ನೆನಪಾಗುತ್ತಾನೆ. ತಪ್ಪಾಯಿತು, ‘ತ್ಸಾರ್’ ಮತ್ತು ಒಂದು ಚುಕ್ಕೆ. ರಕ್ತಕ್ಕೆ ಗುಂಪುಗಳಿವೆ ಎಂದು ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ತೋರಿಸಿದ 1901ರ ಲೇಖನದಲ್ಲಿ ಒಂದು ಪುಟ್ಟ ಕೋಷ್ಟಕವಿದೆ. ಆರು ಜನರ ಸೀರಮ್ಮು, ಅದೇ ಆರು ಜನರ ಕೆಂಪುಕಣ, ಮನೆಮನೆಯಲ್ಲೂ ಪ್ಲಸ್ಸು ಮೈನಸ್ಸು. ದೂರದ ರೋಗಿಗಳನ್ನು ಹುಡುಕಿಕೊಂಡು ಹೋಗಲಿಲ್ಲ; ಲ್ಯಾಬಿನವರೇ ತೋಳು ಚಾಚಿದರು. ಹೆಸರುಗಳನ್ನು ಲೇಬಲ್ಲಿನಲ್ಲಿ ಬರೆಯುವ ಹಾಗೆ ಕತ್ತರಿಸಿದ್ದಾರೆ: ಡಾ. ಸ್ಟ್., ಡಾ. ಪ್ಲೆಚ್ನ್., ಡಾ. ಸ್ಟೂರ್ಲ್., ಡಾ. ಎರ್ಡ್‌ಹ್., ತ್ಸಾರ್., ಲ್ಯಾಂಡ್‌ಸ್ಟ್. ನಾಲ್ವರಿಗೆ ಡಾಕ್ಟರ್ ಪಟ್ಟ. ಲ್ಯಾಂಡ್‌ಸ್ಟೈನರ್ 1891ರಲ್ಲೇ ಡಾಕ್ಟರಾದವರು, ಆದರೂ ತಮ್ಮ ಹೆಸರಿಗೆ ಹಾಕಿಕೊಂಡಿಲ್ಲ. ಉಳಿದವನು ತ್ಸಾರ್.

ಪುಸ್ತಕವೊಂದರಲ್ಲಿ ಈ ಕೋಷ್ಟಕ ಮೊದಲು ಕಂಡಾಗ ನಾನು ಪ್ಲಸ್ಸು ಮೈನಸ್ಸು ನೋಡಲೇ ಇಲ್ಲ, ತ್ಸಾರ್‌ನನ್ನೇ ನೋಡುತ್ತ ಕೂತೆ. ಬಾಟಲಿ ತೊಳೆಯುವ ನನ್ನಂಥವನೇ ಇರಬೇಕು ಎಂದು ನನ್ನ ಮಟ್ಟಿಗೆ ತೀರ್ಮಾನಿಸಿಬಿಟ್ಟೆ. ಅವನ ಕಣಗಳು ಡಾ. ಪ್ಲೆಚ್ನ್. ಕಣಗಳ ಗುಂಪಿಗೇ ಸೇರಿದವು. ಪಟ್ಟ ಇದ್ದವನಿಗೂ ಇಲ್ಲದವನಿಗೂ ಮೈನಸ್ಸಿನ ಪಕ್ಕ ಮೈನಸ್ಸು. ಲ್ಯಾಂಡ್‌ಸ್ಟ್. ಕಣಗಳು ಯಾರ ಸೀರಮ್ಮಿನಲ್ಲೂ ಗಡ್ಡೆಕಟ್ಟಲಿಲ್ಲ. ಆಗ ಆ ಗುಂಪಿಗೆ ‘ಸಿ’ ಎಂದರು, ಈಗ ‘ಓ’ ಅನ್ನುತ್ತೇವೆ. ಯಾರ ಕಣಕ್ಕೂ ತನ್ನದೇ ಸೀರಮ್ಮಿನಲ್ಲಿ ಪ್ಲಸ್ಸು ಇಲ್ಲ: ಮೂಲೆಯಿಂದ ಮೂಲೆಗೆ ಆರು ಮೈನಸ್ಸು. ಅವತ್ತು ಯಾರಾದರೂ ಬೆಳಿಗ್ಗೆಯೇ ಚೀಟಿ ಅಂಟಿಸಿಟ್ಟು ತ್ಸಾರ್‌ನ ಕಣವನ್ನು ಸ್ಟೂರ್ಲ್.ನ ಕೊಳವೆಗೆ ಬಿಟ್ಟಿದ್ದರೆ, ಮನುಷ್ಯನ ರಕ್ತ ತನ್ನ ಮೇಲೆ ತಾನೇ ಬೀಳುತ್ತದೆ ಎಂಬ ಫಲಿತಾಂಶ ಬರುತ್ತಿತ್ತು. 1930ರಲ್ಲಿ ನೊಬೆಲ್ ಬಂದದ್ದು ಲ್ಯಾಂಡ್‌ಸ್ಟ್.ಗೆ. ನನ್ನ ಓಟು ಮಾತ್ರ ತ್ಸಾರ್‌ಗೆ.

"ಆಯ್ತು ಅಂಕಲ್, ಒತ್ತಿ ಹಿಡ್ಕೊಳ್ಳಿ." ಹುಡುಗಿ ಹತ್ತಿ ಇಟ್ಟಳು. ಕೆಂಪು ಮುಚ್ಚಳ ಮೊದಲು, ಆಮೇಲೆ ನೇರಳೆ, ಕೊನೆಗೆ ಬೂದು. ಕ್ರಮ ಸರಿಯಾಗಿಯೇ ಇತ್ತು. ನೇರಳೆಯೊಳಗಿನ ಇಡಿಟಿಎ ಕೆಂಪಿಗೆ ತಗುಲಿದರೆ ಪೊಟ್ಯಾಸಿಯಂ ಸುಳ್ಳೇ ಏರಿ, ಕ್ಯಾಲ್ಸಿಯಂ ಸುಳ್ಳೇ ಇಳಿಯುತ್ತದೆ. ಬೂದಿನಲ್ಲಿ ಫ್ಲೋರೈಡ್. ಅದಿಲ್ಲದಿದ್ದರೆ ಕೊಳವೆಯೊಳಗೂ ಕಣಗಳು ಸಕ್ಕರೆ ತಿನ್ನುತ್ತಲೇ ಇರುತ್ತವೆ, ಗಂಟೆಗೆ ನೂರಕ್ಕೆ 5ರಿಂದ 7ರಷ್ಟು. ಡಾಕ್ಟರ್ ಬೇಡ ಅಂದರೂ ತಿನ್ನುವ ನನ್ನ ಗುಣ ನನ್ನ ಕಣಗಳಿಗೂ ಬಂದಿದೆ. ಕೊಳವೆಗಳನ್ನು ಮೆಲ್ಲಗೆ ತಲೆಕೆಳಗು ಮಾಡಿ ಮಾಡಿ, ನಾನು ಎದುರಿಗೆ ಕೂತಿರುವಾಗಲೇ ಬಾರ್‌ಕೋಡಿನ ಲೇಬಲ್ ಅಂಟಿಸಿದಳು.

"ಹೆಸರು ನೋಡಿ ಅಂಕಲ್, ಸರಿಯಿದೆಯಾ?"

"ಸರಿಯಿದೆಯಮ್ಮ."

"ಕನ್ನಡಕ ಹಾಕ್ಕೊಂಡು ನೋಡಿ."

ಒಳಗಿಂದ ಹೆಂಡತಿ ನಕ್ಕದ್ದು ಕೇಳಿಸಿತು. ಕನ್ನಡಕ ತಂದು ನೋಡಿದೆ. ನನ್ನ ಉದ್ದದ ಹೆಸರು ಲೇಬಲ್ಲಿನ ಅಗಲಕ್ಕೆ ಹಿಡಿಸದೆ ‘ಸೂರ್ಯನಾ’ ಎಂದು ನಿಂತುಬಿಟ್ಟಿತ್ತು. ಪಕ್ಕದಲ್ಲಿ 69, ಗಂಡು.

"ಮುಂದೆ ಡಾಕ್ಟರ್ ಅಂತ ಹಾಕಿಲ್ಲ ತಾನೆ?" ಅಂದೆ.

"ಅಯ್ಯೋ, ನೀವು ಡಾಕ್ಟರಾ ಅಂಕಲ್?"

"ಅಲ್ಲಮ್ಮ. ಸರಿಯಾಗೇ ಇದೆ. ತಗೊಂಡು ಹೋಗು."