ಗುರುತಿನವರಿಲ್ಲದ ನಾಡಿಗೆ ಹೊರಟಾಗ

ನಮ್ಮ ಗೋಣಿಕೊಪ್ಪಲಿನ ಪೇಟೆಯಲ್ಲಿ ಯಾರಾದರೂ ತಲೆಸುತ್ತಿ ಬಿದ್ದರೆನ್ನಿ. ಮುಖಕ್ಕೆ ನೀರು ಚಿಮುಕಿಸುವಷ್ಟರಲ್ಲಿ ಆತ ಯಾವ ಮನೆತನದವನು, ಯಾವ ಗ್ರಾಮದವನು, ತಂಗಿಯನ್ನು ಎಲ್ಲಿಗೆ ಕೊಟ್ಟಿದೆ ಎಂಬುದೆಲ್ಲ ಸುತ್ತ ನೆರೆದವರ ಬಾಯಲ್ಲಿ ಇತ್ಯರ್ಥವಾಗಿರುತ್ತದೆ. ಈ ಕುತೂಹಲವನ್ನು ನಾವು ಎಷ್ಟೋ ಸಲ ಬೈದುಕೊಳ್ಳುವುದುಂಟು. ಅದು ನಮ್ಮನ್ನು ಕಾಯುವ ಬೇಲಿಯೂ ಹೌದೆಂಬುದು ತಿಳಿಯಬೇಕಾದರೆ, ಅದಿಲ್ಲದ ನಾಡಿಗೆ ಹೋಗಬೇಕು.

ಕಾಫಿಯ ಕೊಯ್ಲು ಮುಗಿದು, ಮಕ್ಕಳ ಪರೀಕ್ಷೆಯೂ ಮುಗಿಯಿತೆಂದರೆ ಈಗ ನಮ್ಮಲ್ಲಿ ಸಿಂಗಪುರ, ದುಬೈ, ಕೊಲಂಬೊಗಳ ಮಾತು. ಯಾವ ಹೋಟೆಲು, ಯಾವ ಅಂಗಡಿ, ಯಾರಿಗೆ ಏನು ಉಡುಗೊರೆ ಎಂಬ ಚರ್ಚೆ ವಾರಗಟ್ಟಲೆ ನಡೆಯುತ್ತದೆ. ದಾರಿಯಲ್ಲಿ ಅಜ್ಜಿಗೆ ಎದೆನೋವು ಬಂದರೆ ಏನು ಗತಿ ಎಂಬ ಮಾತನ್ನು ಎತ್ತಿದವನು ಅಪಶಕುನದವನಾಗುತ್ತಾನೆ. ಕನ್ನಡ ಮೇಷ್ಟರನ್ನು ಇಂಥ ವಿಷಯದಲ್ಲಿ ಯಾರೂ ಕೇಳುವುದಿಲ್ಲ. ಕೇಳದಿದ್ದರೂ ಹೇಳುವುದು ನಮ್ಮ ವೃತ್ತಿಧರ್ಮವಾದ್ದರಿಂದ ಆ ಅಪಶಕುನದ ಮಾತುಗಳನ್ನು ನಾನೇ ಆಡುತ್ತೇನೆ.

2018ರ ಜುಲೈ ತಿಂಗಳ ಮೊದಲ ವಾರವನ್ನು ನೆನೆಯಿರಿ. ಕೈಲಾಸ ಮಾನಸಸರೋವರದ ಯಾತ್ರೆ ಮುಗಿಸಿ ಹಿಂದಿರುಗುತ್ತಿದ್ದ ಸುಮಾರು 1,500 ಮಂದಿ ಭಾರತೀಯರು ನೇಪಾಳದ ಸಿಮಿಕೋಟ್, ಹಿಲ್ಸಾಗಳಲ್ಲಿಯೂ ಟಿಬೆಟ್ಟಿನ ಗಡಿಯ ಕಡೆಯಲ್ಲಿಯೂ ಸಿಕ್ಕಿಬಿದ್ದರು. ಅವರಲ್ಲಿ ಸುಮಾರು 290 ಮಂದಿ ಕನ್ನಡಿಗರು. ಹಿಲ್ಸಾದಿಂದ ಸಿಮಿಕೋಟಿಗೆ ಹೆಲಿಕಾಪ್ಟರು, ಸಿಮಿಕೋಟಿನಿಂದ ನೇಪಾಳಗಂಜಿಗೆ ಪುಟ್ಟ ವಿಮಾನ. ಮೋಡ ಕವಿದರೆ ಎರಡೂ ಇಲ್ಲ. ಆಗ ಕಠ್ಮಂಡುವಿನ ಭಾರತೀಯ ರಾಯಭಾರ ಕಚೇರಿಯು ಯಾತ್ರಿಕರ ಮನೆಯವರಿಗಾಗಿ ದೂರವಾಣಿಗಳನ್ನು ತೆರೆದು, ಒಂದರಲ್ಲಿ ಕನ್ನಡ ಬಲ್ಲವರನ್ನೇ ಕೂರಿಸಿತು. ಪರದೇಶದ ಸಂಕಟದಲ್ಲಿ ಕನ್ನಡದ ಒಂದು ‘ಹಲೋ’ ಕೇಳಿದವರ ಜೀವಕ್ಕೆ ಎಷ್ಟು ತಂಪಾಗಿದ್ದಿರಬೇಕು! ಆದರೆ ಕರೆ ಮಾಡಿದ ಮನೆಯವರಿಗೆ, ತಮ್ಮವರು ಯಾವ ತಂಡದಲ್ಲಿ ಹೋದರು, ಇಂದಿನ ರಾತ್ರಿ ಯಾವ ಊರಿನಲ್ಲಿ ಇರಬೇಕಾಗಿತ್ತು ಎಂಬಷ್ಟಾದರೂ ತಿಳಿದಿದ್ದರೆ ತಾನೆ ಅತ್ತಲಿಂದ ಉತ್ತರ ಬಂದೀತು?

ಒಂದೇ ದಾರಿಯ ಊರಿನ ಕಷ್ಟ ಕೊಡಗಿನವರಿಗೆ ಹೊಸತಲ್ಲ. ನಮಗೆ ರೈಲಿಲ್ಲ. 2018ರ ಡಿಸೆಂಬರಿನಲ್ಲಿ ತೆರೆದ ಕಣ್ಣೂರು ವಿಮಾನನಿಲ್ದಾಣವು ಹತ್ತಿರದ್ದೇ ಆದರೂ ಅಲ್ಲಿಗೆ ಮಾಕುಟ್ಟದ ಘಾಟಿ ಇಳಿದೇ ಹೋಗಬೇಕು. ಅದೇ ವರ್ಷದ ಮಳೆಗೆ ಆ ಘಾಟಿ ಕುಸಿದು ಸಂಚಾರ ನಿಂತಿತ್ತು. ಆದುದರಿಂದ ಮಳೆಗಾಲದಲ್ಲಿ ವಿಮಾನವಿರುವ ದಿನವೇ ಮನೆ ಬಿಡುವುದು ಬೇಡ, ಹಿಂದಿನ ದಿನ ಹೊರಡಿ. ಹಿಂದಿರುಗುವ ಮರುದಿನವೇ ಕೋರ್ಟು, ಮದುವೆ, ಪರೀಕ್ಷೆ ಇಟ್ಟುಕೊಳ್ಳಬೇಡಿ. ಕೈಯಲ್ಲಿ ಎರಡು ದಿನವೂ ಎರಡು ದಿನದ ಮದ್ದೂ ಹೆಚ್ಚಿಗೆ ಇರಲಿ.

2019ರ ಏಪ್ರಿಲ್ 18ರಂದು ನಮ್ಮ ಕಡೆ ಲೋಕಸಭೆಗೆ ಮತದಾನವಾಯಿತು. ಅದು ಮುಗಿದ ಬೆನ್ನಿಗೇ ವಿಶ್ರಾಂತಿಗೆಂದು ಕರ್ನಾಟಕದಿಂದ ಕೊಲಂಬೊಗೆ ಹೋದ ಗೆಳೆಯರ ತಂಡವೊಂದಿತ್ತು. 21ರ ಈಸ್ಟರ್ ಭಾನುವಾರ ಅಲ್ಲಿನ ಚರ್ಚು, ಹೋಟೆಲುಗಳಲ್ಲಿ ಬಾಂಬು ಸಿಡಿದಾಗ ಆ ತಂಡದವರೂ ಮಡಿದರು. ಇಂಥದನ್ನು ಯಾವ ಮುಂಜಾಗ್ರತೆಯೂ ತಡೆಯಲಾರದು. ತಡೆದೀತೆಂದು ಹೇಳುವವನನ್ನು ನಂಬಲೂಬೇಡಿ. ಆದರೆ ಊರಿನಲ್ಲಿ ಟೆಲಿವಿಷನ್ನಿನ ಮುಂದೆ ಉಸಿರು ಬಿಗಿಹಿಡಿದು ಕುಳಿತವರಿಗೆ ಹೋಟೆಲಿನ ಹೆಸರು, ಪಾಸ್‌ಪೋರ್ಟಿನ ಪ್ರತಿ, ಜೊತೆಗಿರುವವರೊಬ್ಬರ ಫೋನ್ ನಂಬರು ಇಷ್ಟು ಸಿಕ್ಕರೂ ಹುಡುಕುವುದು ಎಲ್ಲಿಂದ ಎಂಬುದಾದರೂ ತಿಳಿಯುತ್ತದೆ. ದಿನಕ್ಕೊಂದು ಸಾಲಿನಂತೆ ಬರೆದ ಕಾಗದವೊಂದನ್ನು ಮನೆಯಲ್ಲಿ ಇಟ್ಟು ಹೋಗುವುದಕ್ಕೆ ಕಾಸೂ ಖರ್ಚಾಗದು.

ವಿಮೆಗಾದರೋ ಖರ್ಚಾಗುತ್ತದೆ, ಆದರೂ ಮಾಡಿಸಿ. ಮಾಡಿಸಿದರೆ ಸಾಲದು, ಓದಿ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳನ್ನು ಮೊದಲೇ ತಿಳಿಸದಿದ್ದರೆ ಹಣ ಕೊಡದ ವಿಮೆಗಳೇ ಹೆಚ್ಚು. ರೋಗಿಯನ್ನು ಊರಿಗೆ ಕರೆತರುವ ವೆಚ್ಚ ಅದರಲ್ಲಿ ಸೇರಿದೆಯೇ ನೋಡಿಕೊಳ್ಳಿ. ಪಾಸ್‌ಪೋರ್ಟಿನ ಅವಧಿ ಇನ್ನೂ ಆರು ತಿಂಗಳಾದರೂ ಉಳಿದಿರಬೇಕೆಂಬುದು ಹಲವು ದೇಶಗಳ ನಿಯಮ.

ಇನ್ನು ಪೆಟ್ಟಿಗೆಯ ವಿಚಾರ. ಮಗಳ ಮನೆಗೆಂದು ತಾಯಿ ಅಕ್ಕರೆಯಿಂದ ಕಟ್ಟಿಕೊಡುವ ಗಸಗಸೆಯ ಪೊಟ್ಟಣ ದುಬೈಯಲ್ಲಿಯೂ ಸಿಂಗಪುರದಲ್ಲಿಯೂ ನಿಷಿದ್ಧ ವಸ್ತು. ಅಫೀಮಿನ ಗಿಡದ ಬೀಜವಲ್ಲವೇ! ಹಬ್ಬದ ಪಾಯಸವು ಅಲ್ಲಿ ಪೊಲೀಸರ ವಿಷಯವಾಗುತ್ತದೆ. ಕೊಡೀನ್, ಟ್ರಾಮಡಾಲ್ ಇರುವ ಔಷಧಗಳಿಗೂ ದುಬೈಯಲ್ಲಿ ಬಿಗಿಯಾದ ಕಟ್ಟುಪಾಡುಂಟು. ವೈದ್ಯರ ಚೀಟಿ ಜೊತೆಗಿದ್ದರೂ ಮೊದಲೇ ವಿಚಾರಿಸಿಕೊಳ್ಳಬೇಕು.

ನಮ್ಮ ಜಿಲ್ಲೆಯವರಿಗೆಂದೇ ಇನ್ನೊಂದು ಮಾತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿಯಿರುವುದು ಎಲ್ಲರೂ ಬಲ್ಲದ್ದು. ಕೈಲ್‌ಪೊಳ್ದಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಕ್ಕೆ ಒಯ್ದ ಚೀಲದ ಮೂಲೆಯಲ್ಲಿ ಒಂದು ಕಾಡತೂಸು ಉಳಿದುಕೊಳ್ಳುವುದು ಸಹಜ. ಅದೇ ಚೀಲ ಮಾರ್ಚಿಯಲ್ಲಿ ವಿಮಾನನಿಲ್ದಾಣದ ತಪಾಸಣಾ ಯಂತ್ರದೊಳಗೆ ಹೋದರೆ, ಕೋವಿ ನಮ್ಮ ಮನೆಯ ದೈವಕ್ಕೆ ಸಮಾನ ಎಂದು ಯಾರಿಗೆ ವಿವರಿಸುವಿರಿ? ಪ್ರವಾಸಕ್ಕೆ ಬೇರೆಯೇ ಚೀಲವಿರಲಿ. ಹಳೆಯದಾದರೆ ಬೆಳಕಿಗೆ ಹಿಡಿದು ಅಡಿಮೇಲು ಮಾಡಿ ಕೊಡವಿ. ‘ಅಲ್ಲಿ ನಮ್ಮ ಭಾವನಿಗೆ ಇದನ್ನೊಂದು ತಲುಪಿಸಿಬಿಡಿ’ ಎಂದು ಅಂಟಿಸಿದ ಪೊಟ್ಟಣ ಕೊಡುವವರಿದ್ದಾರೆ. ಎಷ್ಟೇ ಬೇಕಾದವರಾಗಿರಲಿ, ಬಿಚ್ಚಿ ನೋಡದೆ ಒಯ್ಯಬೇಡಿ. ದಾಕ್ಷಿಣ್ಯ ನಮ್ಮೂರಿನ ನಾಣ್ಯ. ಗಡಿಯಾಚೆ ಅದು ಚಲಾವಣೆಯಾಗದು.

ದಾಖಲೆಗಳೆಲ್ಲ ಯಜಮಾನರ ಒಂದೇ ಚೀಲದಲ್ಲಿರುವ ಪದ್ಧತಿ ನಮ್ಮದು. ಆ ಚೀಲ ಹೋದರೆ ಸಂಸಾರವೇ ಅನಾಮಧೇಯ. ಪ್ರತಿಯೊಬ್ಬರ ಪಾಸ್‌ಪೋರ್ಟಿನ ಪ್ರತಿ ಅವರವರ ಬಳಿಯೂ ಇರಲಿ. ಅಜ್ಜಿಯ ಸೆರಗಿನ ಗಂಟಿಗೋ ಕೈಚೀಲಕ್ಕೋ ಒಂದು ಚೀಟಿ ಸೇರಿಸಿ: ಹೆಸರು, ರಕ್ತದ ಗುಂಪು, ತೆಗೆದುಕೊಳ್ಳುವ ಮದ್ದು, ಮಗನ ನಂಬರು, ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ನಂಬರು. ಬೆನ್ನಿಗೆ, ಆ ನಾಡಿನ ಲಿಪಿಯಲ್ಲಿ ಹೋಟೆಲಿನ ವಿಳಾಸವನ್ನು ಹೋಟೆಲಿನವರಿಂದಲೇ ಬರೆಯಿಸಿ. ದಾರಿ ತಪ್ಪಿದ ಅಜ್ಜಿ ಟ್ಯಾಕ್ಸಿಯವನಿಗೆ ಆ ಚೀಟಿ ತೋರಿಸಿದರೆ ಸಾಕು, ಇಂಗ್ಲಿಷು ಬೇಕಾಗಿಲ್ಲ.